ಕಲ್ಲಿದ್ದಲೂ ಲಿಗ್ನಿನ್ನೂ

ರಾಣಿಗಂಜ್ ಮತ್ತು ಸಿಂಗರೇಣಿಯ ಗಣಿಗಳಲ್ಲಿ ದೊರೆಯುವ ಕಲ್ಲಿದ್ದಲು 25 ಕೋಟಿ ವರ್ಷಗಳಿಗೂ ಹಿಂದೆ ಜವುಗುನೆಲದಲ್ಲಿ ಬೆಳೆದ ಸಸ್ಯಗಳಿಂದಾದುದು. ಮರದಲ್ಲಿ ಸೆಲ್ಯುಲೋಸ್ ಎಂಬ ನಾರೂ, ಆ ನಾರನ್ನು ಬಿಗಿದು ಗಟ್ಟಿತನವನ್ನು ಕೊಡುವ ಲಿಗ್ನಿನ್ ಎಂಬ ವಸ್ತುವೂ ಇರುತ್ತವೆ. ಮರವು ಕೆಸರಿನಲ್ಲಿ ಹೂತುಹೋದಾಗ ಸೂಕ್ಷ್ಮಜೀವಿಗಳು ಸೆಲ್ಯುಲೋಸನ್ನು ಮೊದಲು ತಿಂದುಬಿಡುವುವು. ಗಾಳಿಯಾಡದ ಆ ನೀರಿನಲ್ಲಿ ಲಿಗ್ನಿನ್ ಬಹುಮಟ್ಟಿಗೆ ಉಳಿದುಕೊಳ್ಳುವುದು. ಇದೇ ಕಲ್ಲಿದ್ದಲಿನ ಮೂಲವೆಂಬ ಮತವನ್ನು ಜರ್ಮನಿಯ ಫ್ರಾಂಜ್ ಫಿಷರ್ ಮತ್ತು ಹಾನ್ಸ್ ಶ್ರಾಡರ್ ಎಂಬ ರಸಾಯನಶಾಸ್ತ್ರಜ್ಞರು 1921ರಲ್ಲಿ ಮಂಡಿಸಿದರು.

ಲಿಗ್ನಿನ್ನಿನಲ್ಲಿ ಇಂಗಾಲದ ಆರಾರು ಪರಮಾಣುಗಳು ಬಳೆಯಂತೆ ಕೂಡಿರುತ್ತವೆ. ಮೇಲಿನ ಮಣ್ಣಿನ ಭಾರಕ್ಕೂ ಭೂಗರ್ಭದ ಶಾಖಕ್ಕೂ ಸಿಕ್ಕಿದ ಈ ಬಳೆಗಳು ಆಮ್ಲಜನಕವನ್ನು ಕಳೆದುಕೊಂಡು, ಒಂದಕ್ಕೊಂದು ಹೆಣೆದುಕೊಂಡು ಕಲ್ಲಿದ್ದಲಾಗುವುವು. ಲಿಗ್ನಿನ್ನಿನಲ್ಲಿ ನೂರಕ್ಕೆ 60ಕ್ಕಿಂತ ಸ್ವಲ್ಪ ಹೆಚ್ಚಾಗಿರುವ ಇಂಗಾಲವು, ಬೂದಿ ತೇವಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ಉತ್ತಮ ಕಲ್ಲಿದ್ದಲಿನಲ್ಲಿ 80ನ್ನು ಮೀರುವುದು.

ತೆಂಗಿನ ನಾರಿನ ಪುಡಿ, ಅಡಿಕೆಯ ಸಿಪ್ಪೆ ಮೊದಲಾದುವು ಗೊಬ್ಬರದ ಗುಂಡಿಯಲ್ಲಿ ನಿಧಾನವಾಗಿ ಕೊಳೆಯುವುದಕ್ಕೂ ಲಿಗ್ನಿನ್ನೇ ಮುಖ್ಯ ಕಾರಣ. ಇದನ್ನು ಕರಗಿಸುವ ಶಿಲೀಂಧ್ರಗಳಿಗೆ ಗಾಳಿ ಅವಶ್ಯಕ. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಗುಂಡಿಗಳಲ್ಲಿ ನೀರು ನಿಲ್ಲದಂತೆ ನೋಡಿಕೊಂಡು, ಗೊಬ್ಬರವನ್ನು ಆಗಾಗ್ಗೆ ತಿರುವಿ ಹಾಕಿಸತಕ್ಕದ್ದು.