ಬೆಲೆ ತೆತ್ತಿದ್ದು ಕರ್ಟ್ ಫ್ಲಡ್, ಗೆದ್ದಿದ್ದು ಬೇರೆಯವರು!

ವರ್ಷಕ್ಕೆ 90 ಸಾವಿರ ಡಾಲರ್ ಸಂಬಳ, ಎರಡು ವರ್ಲ್ಡ್ ಸೀರೀಸ್ ಗೆಲುವು, ಸತತ ಏಳು ವರ್ಷ ಗೋಲ್ಡ್ ಗ್ಲೌವ್ ಪ್ರಶಸ್ತಿ. 1969ರಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರನೊಬ್ಬನಿಗೆ ಇನ್ನೇನು ಬೇಕು? ಕರ್ಟ್ ಫ್ಲಡ್ ಅವರಿಗೆ ಇನ್ನೂ ಒಂದು ಬೇಕಿತ್ತು. ಯಾವ ತಂಡಕ್ಕೆ ಆಡಬೇಕೆಂದು ತಾನೇ ನಿರ್ಧರಿಸುವ ಹಕ್ಕು!

ಫ್ಲಡ್ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಸೆಂಟರ್ ಫೀಲ್ಡರ್. ಬೇಸ್‌ಬಾಲ್‌ನಲ್ಲಿ ಮೈದಾನದ ಹಿಂಭಾಗ ಕಾಯುವ ಮೂವರನ್ನು ಔಟ್‌ಫೀಲ್ಡರ್‌ಗಳು ಎನ್ನುತ್ತಾರೆ. ನಮ್ಮ ಕ್ರಿಕೆಟ್‌ನ ಬೌಂಡರಿ ಫೀಲ್ಡರ್‌ಗಳ ಹಾಗೆ. ಅವರಲ್ಲಿ ನಡುವೆ ನಿಲ್ಲುವವರಿಗೆ ಓಟ ಹೆಚ್ಚು. 1966ರ ಇಡೀ ಋತುವಿನಲ್ಲಿ ಫ್ಲಡ್ ಒಂದೇ ಒಂದು ಫೀಲ್ಡಿಂಗ್ ತಪ್ಪನ್ನೂ ಮಾಡಲಿಲ್ಲ. ಆದರೆ 1968ರ ವರ್ಲ್ಡ್ ಸೀರೀಸ್‌ನ ನಿರ್ಣಾಯಕ ಪಂದ್ಯದಲ್ಲಿ ಚೆಂಡಿನ ಅಂದಾಜು ತಪ್ಪಿತು, ತಂಡ ಸೋತಿತು. ಜನ ಅದನ್ನೂ ಮರೆಯಲಿಲ್ಲ.

1969ರ ಅಕ್ಟೋಬರ್‌ನಲ್ಲಿ ಕಾರ್ಡಿನಲ್ಸ್ ಅವರನ್ನು ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟುಬಿಟ್ಟಿತು. 12 ವರ್ಷ ಆಡಿದ ತಂಡ ಅವರ ಒಪ್ಪಿಗೆಯನ್ನೇ ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಇರಲಿಲ್ಲ. ಒಪ್ಪಂದದಲ್ಲಿ 'ರಿಸರ್ವ್ ಕ್ಲಾಸ್' ಎಂಬ ಷರತ್ತು ಇತ್ತು. ಒಪ್ಪಂದದ ಅವಧಿ ಒಂದೇ ವರ್ಷವಾದರೂ ಅದನ್ನು ಮತ್ತೆ ಮತ್ತೆ ಮುಂದುವರಿಸುವ ಅಧಿಕಾರ ತಮಗಿದೆ ಎಂದು ಮಾಲೀಕರು ಹೇಳುತ್ತಿದ್ದರು. ಅಂದರೆ ಆಟಗಾರ ಜೀವನಪೂರ್ತಿ ತಂಡದ ಸ್ವತ್ತು. ಇಷ್ಟವಿಲ್ಲದಿದ್ದರೆ ಆಟವನ್ನೇ ಬಿಡಬೇಕು.

ಫಿಲಡೆಲ್ಫಿಯಾ ಹೆಚ್ಚು ಸಂಬಳ ಕೊಡಲು ಸಿದ್ಧವಿತ್ತು. ಫ್ಲಡ್ ಒಪ್ಪಲಿಲ್ಲ. ತಾನು ಕೊಳ್ಳುವ, ಮಾರುವ ಸರಕಲ್ಲ ಎಂದು ಬೇಸ್‌ಬಾಲ್ ಕಮಿಷನರ್ ಬೋವೀ ಕೂನ್ ಅವರಿಗೆ ಡಿಸೆಂಬರ್ 24ರಂದು ಪತ್ರ ಬರೆದರು. ಈ ಮಾತಿನ ಹಿಂದೆ ನೋವಿತ್ತು. ಹದಿಹರೆಯದಲ್ಲಿ ದಕ್ಷಿಣದ ರಾಜ್ಯಗಳ ಕೆಳಹಂತದ ಲೀಗ್‌ಗಳಲ್ಲಿ ಆಡುವಾಗ, ಕಪ್ಪು ವರ್ಣೀಯರೆಂಬ ಕಾರಣಕ್ಕೆ ಬಿಳಿಯ ಸಹ ಆಟಗಾರರ ಜೊತೆ ಕೂತು ಊಟ ಮಾಡುವಂತಿರಲಿಲ್ಲ.

ಕೇಸು ಗೆಲ್ಲುವುದು ಕಷ್ಟ, ವೃತ್ತಿಜೀವನ ಮುಗಿದೇಹೋಗಬಹುದು ಎಂದು ಆಟಗಾರರ ಸಂಘದ ಮಾರ್ವಿನ್ ಮಿಲ್ಲರ್ ಮೊದಲೇ ಎಚ್ಚರಿಸಿದ್ದರು. ಆದರೂ ಫ್ಲಡ್ 1970ರಲ್ಲಿ ಕೋರ್ಟಿಗೆ ಹೋದರು, ಆ ಋತುವಿಡೀ ಆಡಲಿಲ್ಲ. ನಿವೃತ್ತರಾಗಿದ್ದ ದಿಗ್ಗಜ ಜಾಕಿ ರಾಬಿನ್ಸನ್ ಬಂದು ಸಾಕ್ಷಿ ಹೇಳಿದರು. ಆಗ ಆಡುತ್ತಿದ್ದ ಆಟಗಾರರು? ಒಬ್ಬರೂ ವಿಚಾರಣೆಯತ್ತ ಸುಳಿಯಲಿಲ್ಲ. ಮಾಲೀಕರ ಭಯ ಅಷ್ಟಿತ್ತು.

1971ರಲ್ಲಿ ವಾಷಿಂಗ್ಟನ್ ತಂಡದ ಪರ ಮತ್ತೆ ಕಣಕ್ಕಿಳಿದರೂ ಹಳೆಯ ಲಯ ಸಿಗಲಿಲ್ಲ. 13 ಪಂದ್ಯ ಆಡಿ, ಏಪ್ರಿಲ್‌ನಲ್ಲೇ ಹೊರನಡೆದರು. ಆಗ ವಯಸ್ಸು ಬರೀ 33!

1972ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5-3ರ ಬಹುಮತದಿಂದ ಫ್ಲಡ್ ವಿರುದ್ಧ ತೀರ್ಪು ನೀಡಿತು. ಏಕಸ್ವಾಮ್ಯ ತಡೆ ಕಾನೂನು ಬೇಸ್‌ಬಾಲ್‌ಗೆ ಅನ್ವಯಿಸದು ಎಂದು 1922ರಲ್ಲೇ ತೀರ್ಪಾಗಿತ್ತು. ಅದು ಅಸಂಗತವೆಂದು ಕೋರ್ಟೇ ಒಪ್ಪಿಕೊಂಡಿತು, ಆದರೆ ಸರಿಪಡಿಸುವ ಕೆಲಸವನ್ನು ಸಂಸತ್ತಿಗೆ ಬಿಟ್ಟಿತು. ತಮಾಷೆಯೆಂದರೆ, ಆ ತೀರ್ಪಿನ ಆರಂಭದಲ್ಲಿ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ 80ಕ್ಕೂ ಹೆಚ್ಚು ಹಳೆಯ ಆಟಗಾರರ ಹೆಸರುಗಳನ್ನು ಅಭಿಮಾನದಿಂದ ಪಟ್ಟಿ ಮಾಡಿದ್ದರು.

ಮೂರೇ ವರ್ಷ. ಒಪ್ಪಂದಕ್ಕೆ ಸಹಿ ಹಾಕದೆಯೇ ಆಡಿದ ಮೆಸರ್‌ಸ್ಮಿತ್ ಮತ್ತು ಮೆಕ್‌ನ್ಯಾಲಿ ಎಂಬ ಪಿಚರ್‌ಗಳು ಸ್ವತಂತ್ರರು ಎಂದು 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಸ್ ಘೋಷಿಸಿದರು. ಅಲ್ಲಿಂದ ಆಟಗಾರರ ಸಂಬಳ ಗಗನಕ್ಕೇರಿತು. ಫ್ಲಡ್ ಅವರಿಗೆ ಅದರಲ್ಲಿ ಬಿಡಿಗಾಸೂ ಸಿಗಲಿಲ್ಲ.

1997ರ ಜನವರಿಯಲ್ಲಿ, 59ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಬೇಸ್‌ಬಾಲ್ ಆಟಗಾರರಿಗೂ ಏಕಸ್ವಾಮ್ಯ ತಡೆ ಕಾನೂನಿನ ರಕ್ಷಣೆ ನೀಡುವ ಕಾಯ್ದೆಗೆ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ್ದು ಮರುವರ್ಷ. ಅದರ ಹೆಸರು 'ಕರ್ಟ್ ಫ್ಲಡ್ ಕಾಯ್ದೆ'.