ಒಂದು ಸಭೆ, ಒಂದು ವಾಕ್ಯ

‘ದೇವರನ್ನು ಮಹಿಮೆಪಡಿಸುತ್ತ, ಪ್ರೀತಿಯಲ್ಲಿ ಬೆಳೆಯುತ್ತ, ಲೋಕಕ್ಕೆ ಬೆಳಕಾಗುವ ಸಭೆ.’ ಹೀಗೊಂದು ಹಲಗೆ ಧಾರವಾಡದ ಒಂದು ಕ್ರೈಸ್ತ ದೇವಾಲಯದ ಬಾಗಿಲಲ್ಲಿದೆ ಎಂದುಕೊಳ್ಳಿ. ಮಾತಿನಲ್ಲಿ ತಪ್ಪಿಲ್ಲ, ಭಕ್ತಿಯೂ ಇದೆ. ಆದರೆ ಈ ಹಲಗೆಯನ್ನು ಮೈಸೂರಿನಲ್ಲಿ ನೇತುಹಾಕಿದರೂ ಹೊಂದಿಕೊಂಡುಬಿಡುತ್ತದೆ. ಯಾವ ಊರಿಗೂ ಒಪ್ಪುವ ಮಾತು ತನ್ನ ಊರಿನವರನ್ನು ಕೈಹಿಡಿದು ನಡೆಸಲಾರದು. ಸಭೆಯ ವಿಷನ್ ಸ್ಟೇಟ್‌ಮೆಂಟ್, ಅಂದರೆ ದರ್ಶನ ವಾಕ್ಯ ಬರೆಯುವವರ ಮುಂದಿರುವ ಕಷ್ಟವೇ ಇದು.

ದಿನನಿತ್ಯ ಮಾಡುವ ಸೇವೆಯನ್ನು ಹೇಳುವುದು ಧ್ಯೇಯ. ಆ ಸೇವೆ ಫಲಿಸಿದಾಗ ಕಣ್ಣಿಗೆ ಬೀಳುವ ಚಿತ್ರವನ್ನು ಹೇಳುವುದು ದರ್ಶನ. ಹಬಕ್ಕೂಕನ ಗ್ರಂಥದ ಎರಡನೆಯ ಅಧ್ಯಾಯದಲ್ಲಿ, ಕಂಡ ದರ್ಶನವನ್ನು ಓಡುವವನೂ ಓದುವಷ್ಟು ಸ್ಪಷ್ಟವಾಗಿ ಹಲಗೆಯ ಮೇಲೆ ಕೆತ್ತು ಎಂದು ಪ್ರವಾದಿಗೆ ಅಪ್ಪಣೆಯಾಗುತ್ತದೆ. ಈ ಕಸುಬಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ. ಮೊದಲು ಕಾಣಬೇಕು, ಆಮೇಲೆ ಕೆತ್ತಬೇಕು. ಕೆತ್ತುವವನು ಒಂದು ಅಕ್ಷರವನ್ನೂ ಸುಮ್ಮನೆ ಸೇರಿಸುವುದಿಲ್ಲ.

ನಮ್ಮ ದಕ್ಷಿಣದಲ್ಲೇ ಇದಕ್ಕೊಂದು ದೊಡ್ಡ ನಿದರ್ಶನವಿದೆ. 1919ರ ಮೇ 1 ಮತ್ತು 2ರಂದು ತಮಿಳು ಕರಾವಳಿಯ ತರಂಗಂಬಾಡಿಯಲ್ಲಿ 33 ಮಂದಿ ಸಭಾನಾಯಕರು ಸೇರಿದರು. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್, ದೋರ್ನಕಲ್ಲಿನ ವಿ. ಎಸ್. ಅಜರಾಯ ಅವರಲ್ಲಿ ಪ್ರಮುಖರು. ಆ ನಾಯಕರು ಹೊರಡಿಸಿದ ಹೇಳಿಕೆಯ ಬಲವಿರುವುದು ಅದರ ಪ್ರಾಮಾಣಿಕತೆಯಲ್ಲಿ. ನಾವು ಒಡೆದುಹೋಗಿದ್ದೇವೆ, ಅದರಿಂದ ಬಲಹೀನರಾಗಿದ್ದೇವೆ. ಈ ಒಡಕು ನಾವು ಮಾಡಿದ್ದಲ್ಲ, ಹೊರಗಿನಿಂದ ನಮ್ಮ ಮೇಲೆ ಬಂದದ್ದು. ಅದನ್ನು ಮುಂದುವರಿಸುವ ಮನಸ್ಸೂ ನಮಗಿಲ್ಲ ಎಂದು ಅವರು ನೇರವಾಗಿ ಬರೆದರು. ನೋವು ಯಾವುದೆಂದು ಗುರುತಿಸಿ, ಆ ನೋವಿನ ಎದುರಿಗೆ ಒಂದೇ ಸಭೆಯ ಚಿತ್ರವನ್ನಿಟ್ಟರು. ಆ ಚಿತ್ರ ನಿಜವಾಗಲು 28 ವರ್ಷ ಹಿಡಿಯಿತು. ಅದನ್ನು ಕಾಣದೆಯೇ ಅಜರಾಯರು 1945ರ ಜನವರಿ 1ರಂದು ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಭೆ, ನಾವು ಸಿಎಸ್‌ಐ ಎನ್ನುವುದು, ಹುಟ್ಟಿತು. ಯೋಹಾನನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಯೇಸು ತನ್ನವರ ಐಕ್ಯಕ್ಕಾಗಿ ಮಾಡುವ ಪ್ರಾರ್ಥನೆಯೇ ಅದರ ಧ್ಯೇಯವಾಕ್ಯ. ಲಾಂಛನದಲ್ಲಿ ಶಿಲುಬೆಯ ಜೊತೆ ತಾವರೆ.

ಊರಿನ ಒಂದು ಸಭೆಗೆ ಅಷ್ಟು ದೊಡ್ಡ ಮಾತು ಬೇಕಿಲ್ಲ. ಆದರೆ ಅದೇ ಪ್ರಾಮಾಣಿಕತೆ ಬೇಕು. ಬರೆಯುವವರು ಮೊದಲು ಕಿವಿಯಾಗಬೇಕು. ಸ್ತ್ರೀಯರ ಕೂಟದಲ್ಲಿ, ಯುವಜನರ ನಡುವೆ, ಆರಾಧನೆಗೆ ಬರುವುದನ್ನು ಬಿಟ್ಟವರ ಮನೆಯಲ್ಲಿ ಕೂತು, ‘ಈ ಬೀದಿಯಲ್ಲಿ ಯಾರಿಗೆ ಕಷ್ಟವಿದೆ?’ ಎಂದು ಕೇಳಬೇಕು. ದೇವಾಲಯದ ಪಕ್ಕದಲ್ಲಿ ಜಿಲ್ಲಾಸ್ಪತ್ರೆ ಇದೆಯೆನ್ನಿ. ರೋಗಿಗಳ ಕಡೆಯವರು ರಾತ್ರಿಯೆಲ್ಲ ಅಂಗಳದಲ್ಲಿ ಟವೆಲ್ ಹಾಸಿ ಮಲಗುತ್ತಾರೆ ಎಂದು ಯಾರೋ ಒಬ್ಬ ಹೆಂಗಸು ಹೇಳಿಯೇ ಹೇಳುತ್ತಾಳೆ. ವಾಕ್ಯ ಸಿಗುವುದು ಅಲ್ಲಿ: ‘ಜಿಲ್ಲಾಸ್ಪತ್ರೆಯ ಅಂಗಳದಲ್ಲಿ ರಾತ್ರಿ ಕಳೆಯುವವರಿಗೆ ಮನೆಯವರಾಗುವ ಸಭೆ.’

ಇದರಲ್ಲಿ ಊರಿದೆ, ಹೊತ್ತಿದೆ, ಮನುಷ್ಯರಿದ್ದಾರೆ. ಎಲ್ಲಕ್ಕಿಂತ ನನಗೆ ಹಿಡಿಸುವುದು ‘ಮನೆಯವರಾಗುವ’ ಎಂಬ ಪದ. ‘ಸಹಾಯ ಮಾಡುವ’ ಎಂದಿದ್ದರೆ ಒಂದು ದಿನ ಬನ್ನು-ಹಾಲು ಹಂಚಿ ಕೈತೊಳೆದುಕೊಳ್ಳಬಹುದಿತ್ತು. ಮನೆಯವರು ಹಾಗೆ ಮಾಡಲಾರರು. ಒಂದೊಂದು ಕ್ರಿಯಾಪದವನ್ನೂ ಹೀಗೆ ತೂಗಿ ನೋಡುವುದರಲ್ಲೇ ಈ ಕಸುಬಿನ ಸೊಗಸಿರುವುದು.

ಬರೆದದ್ದನ್ನು ಅಕ್ಷರ ಬಾರದ ಅಜ್ಜಿಗೆ ಒಮ್ಮೆ ಓದಿ ಹೇಳಿ. ಮರುದಿನ ಅವರು ಪಕ್ಕದ ಮನೆಯವರಿಗೆ ತಮ್ಮ ಮಾತಿನಲ್ಲಿ ಅದನ್ನು ಹೇಳಬಲ್ಲರಾದರೆ ವಾಕ್ಯ ನಿಂತಿತು. ಸುಗ್ಗಿ ಹಬ್ಬದ ಹರಾಜಿನ ಹಣ ಬಂದಾಗ ಇನ್ನೊಂದು ಪರೀಕ್ಷೆ. ಹೊಸ ಸೌಂಡ್ ಸಿಸ್ಟಮ್ಮೋ, ರೋಗಿಗಳ ಕಡೆಯವರು ಸ್ನಾನ ಮಾಡಿ ಬಟ್ಟೆ ಒಗೆದುಕೊಳ್ಳಲು ಒಂದು ಬಚ್ಚಲಮನೆಯೋ ಎಂದು ಸಮಿತಿಯಲ್ಲಿ ಚರ್ಚೆ ಎದ್ದರೆ, ಒಳ್ಳೆಯ ದರ್ಶನ ವಾಕ್ಯ ಸಭಾಪಾಲಕರಿಗಿಂತ ಮೊದಲು ಉತ್ತರ ಕೊಡುತ್ತದೆ.

ಮಂಗಳೂರು ಕಡೆಯ ಸಭೆಗಳಿಗೆ ಮತ್ತೊಂದು ಅನುಕೂಲವಿದೆ. 1834ರಲ್ಲಿ ಬಾಸೆಲ್ ಮಿಷನ್ ಅಲ್ಲಿ ನೆಲೆಯೂರಿದ ಕಾಲದಿಂದ ತುಳು, ಕನ್ನಡ ಎರಡೂ ಆರಾಧನೆಯ ಭಾಷೆಗಳಾಗಿ ಬೆಳೆದಿವೆ. ಕನ್ನಡದಲ್ಲಿ ‘ನಾವು’ ಎಂದರೆ ಕೇಳುವವನು ಒಳಗಿದ್ದಾನೋ ಹೊರಗಿದ್ದಾನೋ ತಿಳಿಯುವುದಿಲ್ಲ. ತುಳುವಿನಲ್ಲಿ ಅದನ್ನು ಮುಚ್ಚಿಡಲಾಗದು: ಅವನನ್ನು ಬಿಟ್ಟು ನಾವು ಎಂದರೆ ‘ಎಂಕುಲು’, ಸೇರಿಸಿಕೊಂಡರೆ ‘ನಮ’. ವಾಕ್ಯವನ್ನು ತುಳುವಿನಲ್ಲಿ ಹೇಳಿ ನೋಡುವ ಸಮಿತಿ, ಅಂಗಳದಲ್ಲಿ ಮಲಗಿದವರು ಯಾವ ‘ನಾವು’ ಎಂದು ತೀರ್ಮಾನಿಸಲೇಬೇಕು. ‘ನಮ’ ಎಂದು ತೀರ್ಮಾನವಾದರೆ ಕನ್ನಡದ ಹಲಗೆಯಲ್ಲೂ ಒಂದು ತಿದ್ದುಪಡಿ ಆಗಬೇಕಾಗುತ್ತದೆ: ‘ರಾತ್ರಿ ಕಳೆಯುವವರಿಗೆ’ ಎಂಬುದನ್ನು ಒರೆಸಿ, ‘ರಾತ್ರಿ ಕಳೆಯುವವರೊಂದಿಗೆ ಒಂದೇ ಮನೆಯವರಾಗುವ ಸಭೆ’ ಎಂದು ಬರೆಯಬೇಕು.