ಮನೆಯ ಹಸಿ ಕಸಕ್ಕೆ ಗೊಬ್ಬರದ ಬುಟ್ಟಿ ಮತ್ತು ಎರೆಹುಳು ಪೆಟ್ಟಿಗೆ: ರಚನೆ, ನಿರ್ವಹಣೆ, ವ್ಯಾಪಾರಾವಕಾಶ

ತರಕಾರಿ ಸಿಪ್ಪೆ, ಹಣ್ಣಿನ ಚೂರು, ಕಾಫಿ ಗಸಿ, ಬಾಡಿದ ಹೂವು ಇವೆಲ್ಲವೂ ಮಣ್ಣಿಗೆ ಮರಳಬೇಕಾದ ಪದಾರ್ಥಗಳು. ಇವುಗಳನ್ನು ಪ್ಲಾಸ್ಟಿಕ್ಕಿನೊಡನೆ ಬೆರೆಸಿ ಊರಾಚೆ ಸಾಗಿಸಿದ್ದರ ಪರಿಣಾಮವನ್ನು ಬೆಂಗಳೂರು ಚೆನ್ನಾಗಿ ಬಲ್ಲದು. ಗ್ರಾಮಸ್ಥರ ಪ್ರತಿಭಟನೆಗಳ ನಂತರ 2012ರಲ್ಲಿ ಮಾವಳ್ಳಿಪುರಕ್ಕೂ, 2014ರ ಕೊನೆಯಲ್ಲಿ ಮಂಡೂರಿಗೂ ನಗರದ ಕಸ ಹೋಗುವುದು ನಿಂತಿತು. 2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ನಗರದ ಮನೆಗಳಿಗೆ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ಕಡ್ಡಾಯಗೊಳಿಸಿತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸವನ್ನು ಮೂಲದಲ್ಲಿಯೇ ಬೇರ್ಪಡಿಸುವ ಹೊಣೆಯನ್ನು ದೇಶದಾದ್ಯಂತ ನಾಗರಿಕರಿಗೆ ವಹಿಸಿದವು.

ಹಸಿ ಕಸವನ್ನು ಮನೆಯಲ್ಲಿಯೇ ಗೊಬ್ಬರವಾಗಿಸುವ ಸಾಧನಗಳ ಮಾರುಕಟ್ಟೆ ಬೆಳೆದದ್ದು ಈ ಹಿನ್ನೆಲೆಯಲ್ಲಿ. ಆದರೆ ದುರ್ವಾಸನೆ ತಾಳಲಾರದೆ ಬುಟ್ಟಿಯನ್ನು ಮೂಲೆಗೆ ಸರಿಸಿದ ಗ್ರಾಹಕ ಮತ್ತೆ ಅಂಗಡಿಗೆ ಬರುವುದಿಲ್ಲ. ಆದ್ದರಿಂದ ತಯಾರಕರೂ ಮಾರಾಟಗಾರರೂ ಬುಟ್ಟಿಯೊಳಗೆ ನಡೆಯುವ ಕ್ರಿಯೆಯನ್ನು ಅರಿತಿರುವುದು ಅಗತ್ಯ.

ಮೂಲತತ್ತ್ವ

ಕಸವನ್ನು ಗೊಬ್ಬರವಾಗಿಸುವವು ಸೂಕ್ಷ್ಮಾಣುಜೀವಿಗಳು. ಅವುಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ, ಶೇಕಡಾ 50ರಿಂದ 60ರಷ್ಟು ತೇವಾಂಶ ಹಾಗೂ ಗಾಳಿ ಬೇಕು. ಅಡುಗೆಮನೆಯ ಕಸದಲ್ಲಿ ನೀರು ಮತ್ತು ಸಾರಜನಕ ಹೆಚ್ಚು, ಇಂಗಾಲ ಕಡಿಮೆ. ಅದನ್ನು ಹಾಗೆಯೇ ತುಂಬಿದರೆ ಗಾಳಿಯಾಡದೆ ಕೊಳೆತು ನಾರುತ್ತದೆ. ಒಣ ಎಲೆ, ತೆಂಗಿನ ನಾರಿನ ಪುಡಿ, ಮರದ ಹೊಟ್ಟು ಮುಂತಾದ ಒಣ ಪದಾರ್ಥಗಳು ಇಂಗಾಲ ಒದಗಿಸುವುದರೊಂದಿಗೆ ಹೆಚ್ಚುವರಿ ನೀರನ್ನು ಹೀರಿ ಗಾಳಿಗೆ ಎಡೆ ಮಾಡಿಕೊಡುತ್ತವೆ. ಒಂದು ಅಳತೆ ಹಸಿ ಕಸಕ್ಕೆ ಸುಮಾರು ಒಂದು ಅಳತೆ ಒಣ ಪದಾರ್ಥ ಎಂಬುದು ಸುಲಭ ಲೆಕ್ಕ.

ಗೊಬ್ಬರದ ಬುಟ್ಟಿ

ಸಣ್ಣ ಕುಟುಂಬಕ್ಕೆ ಮುಚ್ಚಳವಿರುವ 20ರಿಂದ 25 ಲೀಟರಿನ ಮೂರು ಬಕೆಟ್‌ಗಳು ಸಾಕಾಗುತ್ತವೆ. ಸುತ್ತಲೂ ಸುಮಾರು 10 ಸೆಂ.ಮೀ. ಅಂತರದಲ್ಲಿ 6ರಿಂದ 8 ಮಿ.ಮೀ. ರಂಧ್ರಗಳನ್ನು ಕೊರೆಯಬೇಕು, ತಳದಲ್ಲಿಯೂ ಕೆಲವು ರಂಧ್ರಗಳಿದ್ದು, ಕೆಳಗೆ ತಟ್ಟೆ ಇರಬೇಕು. ತಳಕ್ಕೆ 5 ಸೆಂ.ಮೀ. ದಪ್ಪ ನಾರಿನ ಪುಡಿ ಹರಡಿ, ದಿನದ ಕಸವನ್ನು ಸಣ್ಣದಾಗಿ ಹೆಚ್ಚಿ ಹಾಕಿ, ಪ್ರತಿ ಸಲವೂ ಒಣ ಪದಾರ್ಥದಿಂದ ಮುಚ್ಚಬೇಕು. ಆರಂಭದಲ್ಲಿ ಒಂದು ಹಿಡಿ ಹಳೆಯ ಗೊಬ್ಬರ ಬೆರೆಸಿದರೆ ಕ್ರಿಯೆ ಬೇಗ ತೊಡಗುತ್ತದೆ. ವಾರಕ್ಕೊಮ್ಮೆ ಮಗುಚಬೇಕು. ಒಂದು ಹಿಡಿ ಮಿಶ್ರಣವನ್ನು ಹಿಂಡಿದಾಗ ಕೈ ತೇವವಾಗಬೇಕು, ಆದರೆ ನೀರು ತೊಟ್ಟಿಕ್ಕಬಾರದು.

ಮೊದಲ ಬಕೆಟ್ ತುಂಬಿದ ಬಳಿಕ ಎರಡನೆಯದು, ಅನಂತರ ಮೂರನೆಯದು. ಎರಡು–ಮೂರು ತಿಂಗಳಲ್ಲಿ ಮೊದಲನೆಯದರಲ್ಲಿ ಕಂದುಬಣ್ಣದ, ಮಳೆಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಸಿದ್ಧವಾಗಿರುತ್ತದೆ. ಬೆಂಗಳೂರಿನಲ್ಲಿ 2006ರಲ್ಲಿ ಆರಂಭವಾದ ‘ಡೈಲಿ ಡಂಪ್’ ಸಂಸ್ಥೆ ಇದೇ ತತ್ತ್ವವನ್ನು ಒಂದರ ಮೇಲೊಂದು ಕೂರುವ ಸುಟ್ಟಮಣ್ಣಿನ ಮಡಕೆಗಳಿಗೆ ಅಳವಡಿಸಿ ಕುಂಬಾರರಿಗೆ ಹೊಸ ಕೆಲಸ ಒದಗಿಸಿತು. ಮಣ್ಣಿನ ಗೋಡೆ ತೇವವನ್ನು ತಾನೇ ಹೊರಬಿಡುವುದು ಇದರ ಅನುಕೂಲ.

ಎರೆಹುಳು ಪೆಟ್ಟಿಗೆ

ಹೊಲದ ಮಣ್ಣನ್ನು ಆಳವಾಗಿ ಕೊರೆಯುವ ಹುಳುಗಳು ಈ ಕೆಲಸಕ್ಕೆ ಒದಗುವುದಿಲ್ಲ. ಮೇಲ್ಪದರದ ಕಸ ತಿನ್ನುವ ಐಸೀನಿಯಾ ಫೆಟಿಡಾ, ಯೂಡ್ರಿಲಸ್ ಯೂಜೀನಿಯೆ ಹಾಗೂ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಜಾತಿಗಳು ಸೂಕ್ತ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಕಾಳೆ ಅವರು ಎರೆಹುಳುಗಳ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ.

ಹುಳುಗಳು ಮೇಲ್ಪದರದಲ್ಲಿ ವಾಸಿಸುವುದರಿಂದ ಪೆಟ್ಟಿಗೆಗೆ ಆಳಕ್ಕಿಂತ ಅಗಲ ಮುಖ್ಯ. 90 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 35 ಸೆಂ.ಮೀ. ಆಳ ಸಾಕು. ಮರದ್ದಾದರೆ ಬಣ್ಣ, ವಾರ್ನಿಷ್ ಅಥವಾ ಗೆದ್ದಲುನಾಶಕ ಬಳಿದಿರಬಾರದು. ತಳದಲ್ಲಿ ನೀರು ಬಸಿಯುವ ರಂಧ್ರಗಳಿದ್ದು, ಇರುವೆ ಹತ್ತದಂತೆ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಡಬೇಕು. ನಾರಿನ ಪುಡಿ, ಹರಿದ ವೃತ್ತಪತ್ರಿಕೆ ಹಾಗೂ ಹಳೆಯ ಸಗಣಿಯ 15 ಸೆಂ.ಮೀ. ಹಾಸಿಗೆ ಹಾಸಬೇಕು. ಹೊಸ ಸಗಣಿ ಕಾವೇರಿ ಹುಳುಗಳನ್ನು ಕೊಲ್ಲುತ್ತದೆ.

ಒಂದು ಕಿಲೋ ಹುಳು ಚೆನ್ನಾಗಿ ನೆಲೆಗೊಂಡ ಮೇಲೆ ದಿನಕ್ಕೆ ಸುಮಾರು ಅರ್ಧ ಕಿಲೋ ಕಸ ತಿನ್ನಬಲ್ಲದು. ಮೊದಲ ವಾರಗಳಲ್ಲಿ ಅದರ ಅರ್ಧದಷ್ಟನ್ನು ಮಾತ್ರ ಕೊಡಬೇಕು. ಎಣ್ಣೆ, ಉಪ್ಪಿನಕಾಯಿ, ಮಾಂಸ, ನಿಂಬೆ ಜಾತಿಯ ಸಿಪ್ಪೆ ಬೇಡ. 20ರಿಂದ 30 ಡಿಗ್ರಿ ಸೆಲ್ಸಿಯಸ್ ಹಿತಕರ. 35 ಡಿಗ್ರಿ ಮೀರಿದರೆ ಅಪಾಯ. ಆದ್ದರಿಂದ ನೆರಳು, ಒದ್ದೆ ಗೋಣಿಚೀಲದ ಹೊದಿಕೆ ಅನಿವಾರ್ಯ. ಗೊಬ್ಬರ ತೆಗೆಯಲು ಹೊಸ ಆಹಾರವನ್ನು ಪೆಟ್ಟಿಗೆಯ ಒಂದೇ ಬದಿಗೆ ಹಾಕಿದರೆ ಎರಡು–ಮೂರು ವಾರಗಳಲ್ಲಿ ಹೆಚ್ಚಿನ ಹುಳುಗಳು ಅತ್ತ ಸರಿಯುತ್ತವೆ.

ದೋಷಗಳು ಮತ್ತು ಪರಿಹಾರ

ದುರ್ವಾಸನೆ ಬಂದರೆ ತೇವ ಹೆಚ್ಚಾಗಿದೆ ಎಂದರ್ಥ: ಒಣ ಪದಾರ್ಥ ಬೆರೆಸಿ ಮಗುಚಬೇಕು. ಸಣ್ಣ ನೊಣಗಳೆದ್ದರೆ ಕಸ ತೆರೆದುಕೊಂಡಿದೆ: ಮೇಲೆ ದಪ್ಪ ಹೊದಿಕೆ ಬೇಕು. ಕಸ ಕರಗದಿದ್ದರೆ ಒಣಗಿದೆ: ನೀರು ಚಿಮುಕಿಸಬೇಕು. ಹುಳುಗಳು ಹೊರಗೆ ಹರಿದುಬಂದರೆ ಆಹಾರ ನಿಲ್ಲಿಸಿ, ಬಿಸಿ, ತೇವ, ಹುಳಿ ಪದಾರ್ಥ ಇವುಗಳಲ್ಲಿ ಕಾರಣ ಹುಡುಕಬೇಕು.

ವ್ಯಾಪಾರದ ದೃಷ್ಟಿಯಲ್ಲಿ

ಬುಟ್ಟಿಯನ್ನು ಗ್ರಾಹಕ ಒಮ್ಮೆ ಕೊಳ್ಳುತ್ತಾನೆ. ಒಣ ಪದಾರ್ಥ ಪ್ರತಿ ತಿಂಗಳೂ ಬೇಕು. ನಾರು ಘಟಕಗಳ ಪುಡಿಯನ್ನೂ, ಸಾಮಿಲ್ಲುಗಳ ರಾಸಾಯನಿಕ ಸೋಕದ ಹೊಟ್ಟನ್ನೂ ಅಳತೆಯ ಚೀಲಗಳಲ್ಲಿ ಒದಗಿಸುವುದು ಸಣ್ಣ ಬಂಡವಾಳಕ್ಕೆ ನಿಲುಕುವ ಕೆಲಸ. ಬುಟ್ಟಿಯೊಡನೆ ಒಂದು ತಿಂಗಳಿಗಾಗುವಷ್ಟು ಒಣ ಪದಾರ್ಥ ಮತ್ತು ಕನ್ನಡದಲ್ಲಿ ಒಂದು ಪುಟದ ಸೂಚನೆ ಕೊಟ್ಟರೆ ದೂರುಗಳು ತಗ್ಗುತ್ತವೆ.

ಆದರೆ ಗೊಬ್ಬರವನ್ನೇ ಮಾರಹೊರಡುವವರು ಎಚ್ಚರ ವಹಿಸಬೇಕು. 1985ರ ರಸಗೊಬ್ಬರ (ನಿಯಂತ್ರಣ) ಆದೇಶದ ವ್ಯಾಪ್ತಿಗೆ 2006ರಲ್ಲಿ ಎರೆಗೊಬ್ಬರ ಹಾಗೂ ನಗರ ಕಾಂಪೋಸ್ಟ್‌ಗಳನ್ನೂ ತರಲಾಯಿತು. ತೇವಾಂಶ, ಪೋಷಕಾಂಶ, ಭಾರಲೋಹ ಇವುಗಳಿಗೆ ಮಿತಿಗಳಿವೆ. ಪರೀಕ್ಷೆ ಮಾಡಿಸದೆ ಚೀಲಕ್ಕೆ ಹೆಸರು ಅಂಟಿಸುವುದು ಸಲ್ಲದು.

ಈ ಸಾಧನದ ಯಶಸ್ಸು ಬುಟ್ಟಿಯ ಅಂದದಲ್ಲಿಲ್ಲ. ಮೂರನೆಯ ತಿಂಗಳಲ್ಲಿಯೂ ಅದು ಬಳಕೆಯಲ್ಲಿದೆಯೇ ಎಂಬುದರಲ್ಲಿದೆ. ತಯಾರಕರು ಮಾರುವ ಮುನ್ನ ತಮ್ಮ ಮನೆಯಲ್ಲಿಯೋ ಕಾರ್ಖಾನೆಯ ಕ್ಯಾಂಟೀನಿನಲ್ಲಿಯೋ ಒಂದು ಬುಟ್ಟಿಯನ್ನು ನಡೆಸಿ ನೋಡುವುದು ಒಳಿತು.